ಪುಟ್ಟ ಲ್ಯಾಪ್‌ಟಾಪ್‌ಗೆ ಹಗುರ ಸಿಸ್ಟಮ್: ಆರಿಸುವ ಮುನ್ನ ಅಳೆಯಿರಿ

2016ರಲ್ಲಿ ಐಬಾಲ್ ಕಂಪನಿ ಕಾಂಪ್‌ಬುಕ್ ಎಂಬ ಲ್ಯಾಪ್‌ಟಾಪನ್ನು 9,999 ರೂಪಾಯಿಗೆ ಮಾರುಕಟ್ಟೆಗೆ ಬಿಟ್ಟಿತು. 11.6 ಇಂಚಿನ ಪರದೆ, ಇಂಟೆಲ್ ಆಟಮ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, ಒಳಗೆ ವಿಂಡೋಸ್ 10. ಅದಕ್ಕೂ ಸ್ವಲ್ಪ ಮೊದಲು ಬಂದ ಎಚ್‌ಪಿ ಸ್ಟ್ರೀಮ್ 11, ಏಸಸ್ ಈಬುಕ್ ಎಕ್ಸ್205ಟಿಎ ಕೂಡ ಹೆಚ್ಚುಕಡಿಮೆ ಇದೇ ಅಳತೆಯವು. ಈ ಜಾತಿಯ ಯಂತ್ರಗಳಲ್ಲಿ ಕೀಲಿಮಣೆ, ಪರದೆ, ಚಾರ್ಜರ್ ಎಲ್ಲ ಸರಿಯಿದ್ದೂ ಕೆಲಸಕ್ಕೆ ಬಾರದಂತಾಗಿರುವುದೇ ಹೆಚ್ಚು. ಆನ್ ಮಾಡಿದರೆ ಡೆಸ್ಕ್‌ಟಾಪ್ ಕಾಣಲು ನಿಮಿಷಗಳು ಬೇಕು, ಕಂಡ ಮೇಲೂ ಮೌಸ್ ಒತ್ತಿದ್ದಕ್ಕೆ ಉತ್ತರ ಬರಲು ಇನ್ನಷ್ಟು ಹೊತ್ತು ಬೇಕು. 32 ಜಿಬಿಯಲ್ಲಿ ವಿಂಡೋಸ್ ತಾನೇ ಬಹುಪಾಲು ಜಾಗ ಹಿಡಿದು ಕೂತ ಕಾರಣ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಸ್ಥಳ ಸಾಲದೆ ನಿಂತುಹೋಗುತ್ತಿತ್ತು. ಇದರ ಮೇಲೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೇ ಮುಗಿಯಿತು. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್, ಟಿಪಿಎಂ 2.0 ಚಿಪ್ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರ್. ಕಾಂಪ್‌ಬುಕ್ ಬಳಗಕ್ಕೆ ಆ ಬಾಗಿಲು ಮುಚ್ಚಿದೆ.

ಹಾಗಾದರೆ ಏನು ಹಾಕಿಕೊಳ್ಳಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಹೆಸರು. ಒಬ್ಬರು ಲುಬುಂಟು ಎನ್ನುತ್ತಾರೆ, ಇನ್ನೊಬ್ಬರು ಪಪ್ಪಿ, ಮತ್ತೊಬ್ಬರು ಕ್ರೋಮ್‌ಓಎಸ್ ಫ್ಲೆಕ್ಸ್. ಹೆಸರಿನಿಂದ ಹೊರಡುವುದೇ ತಪ್ಪು ಎಂಬುದು ಈ ಲೇಖನದ ವಾದ. ಮೊದಲು ಕೇಳಬೇಕಾದ್ದು ಕೈಯಲ್ಲಿರುವ ಯಂತ್ರ ಎಲ್ಲಿ ತಡವರಿಸುತ್ತಿದೆ ಎಂದು. ಡಿಸ್ಕ್ ನಿಧಾನವೇ, ರ‍್ಯಾಮ್ ಸಾಲದೇ, ಅಥವಾ ಪ್ರೊಸೆಸರ್ ಸೋತಿದೆಯೇ? ಈ ಮೂರರ ಉತ್ತರ ಗೊತ್ತಾದರೆ ಆಯ್ಕೆ ಎರಡು ಮೂರು ಹೆಸರಿಗೆ ತಾನಾಗಿ ಇಳಿಯುತ್ತದೆ. ಉತ್ತರ ಗೊತ್ತಿಲ್ಲದೆ ಅತ್ಯಂತ ಹಗುರವಾದದ್ದನ್ನೇ ಹಾಕಿದರೆ, ಬೂಟ್ ಬೇಗ ಆಗಬಹುದು, ಕೆಲಸ ಮಾತ್ರ ಮೊದಲಿನಷ್ಟೇ ತಡವಾಗಿ ಶುರುವಾಗುತ್ತದೆ.

ಬೂಟ್ ಬೇಗ ಆಗುವುದು ಎಂದರೆ ಏನು ಎಂಬುದನ್ನೇ ಮೊದಲು ತೀರ್ಮಾನಿಸಿಕೊಳ್ಳಬೇಕು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ ಇಂಟೆಲ್‌ನ ಇಬ್ಬರು ಎಂಜಿನಿಯರ್‌ಗಳು, ಆರ್ಯನ್ ವಾನ್ ಡೆ ವೆನ್ ಮತ್ತು ಔಕೆ ಕಾಕ್, ಏಸಸ್‌ನ ಈ-ಪಿಸಿ ಎಂಬ ಪುಟಾಣಿ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಐದು ಸೆಕೆಂಡಿನಲ್ಲಿ ಬೂಟ್ ಮಾಡಿ ತೋರಿಸಿದರು. ಆ ಯಂತ್ರ ಇಂದಿನ ಯಾವ ಅಗ್ಗದ ಫೋನಿಗೂ ಸಮವಲ್ಲ. ಅವರ ಲೆಕ್ಕ ಕಟ್ಟುನಿಟ್ಟಾಗಿತ್ತು: ಕರ್ನಲ್‌ಗೆ ಒಂದು ಸೆಕೆಂಡ್, ಆರಂಭದ ಸೇವೆಗಳಿಗೆ ಒಂದು, ಗ್ರಾಫಿಕ್ಸ್ ಏಳಲು ಒಂದು, ಡೆಸ್ಕ್‌ಟಾಪ್‌ಗೆ ಎರಡು. ಅದಕ್ಕಿಂತ ಮುಖ್ಯವಾದದ್ದು ಅವರು ಹಾಕಿಕೊಂಡ ಷರತ್ತು. ಪರದೆಯ ಮೇಲೆ ಚಿತ್ರ ಮೂಡಿದರೆ ಬೂಟ್ ಮುಗಿಯಿತು ಎಂದಲ್ಲ. ಪ್ರೊಸೆಸರ್ ಮತ್ತು ಡಿಸ್ಕ್ ಎರಡೂ ತಮ್ಮ ಓಡಾಟ ಮುಗಿಸಿ ಸುಮ್ಮನಾದಾಗ ಮಾತ್ರ ಮುಗಿದಂತೆ. ಮನೆಯಲ್ಲಿ ಅಳೆಯುವವರೂ ಇದೇ ಷರತ್ತನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪವರ್ ಬಟನ್ ಒತ್ತಿದಲ್ಲಿಂದ ಬ್ರೌಸರ್‌ನಲ್ಲಿ ಬೇಕಾದ ಪುಟ ತೆರೆದು ಅದರಲ್ಲಿ ಟೈಪ್ ಮಾಡಲು ಆಗುವವರೆಗಿನ ಹೊತ್ತನ್ನು ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ಹಿಡಿಯಿರಿ. ನಂಬಬೇಕಾದ ಅಂಕಿ ಅದೊಂದೇ.

ವಿಂಡೋಸ್ ಜೊತೆ ಹೋಲಿಸುವವರು ಇನ್ನೊಂದನ್ನು ಗಮನಿಸಬೇಕು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಇದೆ. ಶಟ್‌ಡೌನ್ ಒತ್ತಿದಾಗ ಬಳಕೆದಾರರ ಪ್ರೋಗ್ರಾಮುಗಳು ಮುಚ್ಚುತ್ತವೆ, ಆದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ವಿಂಡೋಸ್ ಡಿಸ್ಕಿಗೆ ಬರೆದಿಟ್ಟುಕೊಳ್ಳುತ್ತದೆ. ಮರುದಿನ ಆನ್ ಆಗುವಾಗ ಅದನ್ನೇ ಓದಿಕೊಳ್ಳುವುದರಿಂದ ಪೂರ್ತಿ ಬೂಟ್ ನಡೆಯುವುದೇ ಇಲ್ಲ. ನಿಜವಾದ ಬೂಟ್ ಸಮಯ ಬೇಕಿದ್ದರೆ ರೀಸ್ಟಾರ್ಟ್ ಒತ್ತಿ ಅಳೆಯಬೇಕು. ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವವರು ಈ ಏರ್ಪಾಡನ್ನು ಆಫ್ ಮಾಡುವುದು ಕಡ್ಡಾಯ. ಇಲ್ಲವಾದರೆ ವಿಂಡೋಸ್ ಭಾಗ ಅರೆನಿದ್ದೆಯಲ್ಲಿರುವಾಗ ಲಿನಕ್ಸ್‌ನಿಂದ ಅದಕ್ಕೆ ಬರೆಯಲು ಹೋಗಿ ಕಡತಗಳು ಕೆಡುವ ಸಂಭವವಿದೆ.

ಅಳತೆಯ ಮೊದಲ ಜಾಗ ಡಿಸ್ಕ್. ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 5.6 ಮಿಲಿಸೆಕೆಂಡ್ ಕಾಯಬೇಕು. ಮುಳ್ಳು ಪಕ್ಕಕ್ಕೆ ಸರಿದು ಸರಿಯಾದ ಜಾಗ ಹಿಡಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಅಲ್ಲಿಗೆ ಚೆಲ್ಲಾಪಿಲ್ಲಿಯಾಗಿರುವ ಚಿಕ್ಕ ಚಿಕ್ಕ ಕಡತಗಳನ್ನು ಅದು ಸೆಕೆಂಡಿಗೆ ಸುಮಾರು ಅರವತ್ತರಷ್ಟು ಮಾತ್ರ ಓದಬಲ್ಲದು. ಬೂಟ್ ಆಗುವುದು, ಬ್ರೌಸರ್ ತೆರೆಯುವುದು ಎಂದರೆ ಇಂಥ ಸಾವಿರಾರು ಕಡತಗಳನ್ನು ಓದುವುದೇ. ಅತಿ ಸಾಧಾರಣ ಎಸ್‌ಎಸ್‌ಡಿಯಲ್ಲೂ ತಿರುಗುವ ಭಾಗವಿಲ್ಲ, ಅದೇ ಕೆಲಸವನ್ನು ಅದು ಸೆಕೆಂಡಿಗೆ ಸಾವಿರಗಟ್ಟಲೆ ಸಲ ಮಾಡುತ್ತದೆ. ಯಾವ ಆಪರೇಟಿಂಗ್ ಸಿಸ್ಟಮ್ ಬದಲಾವಣೆಯೂ ಈ ಅಂತರವನ್ನು ತುಂಬಲಾರದು. ಹಾಗಾಗಿ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಆಗಿದ್ದರೆ ಮೊದಲ ಖರ್ಚು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅದನ್ನು ಹಾಕಿದ ಮೇಲೆ ಉಳಿದ ವಿಚಾರ. ಕಾಂಪ್‌ಬುಕ್ ಮಾದರಿಯವುಗಳಲ್ಲಿ ಇರುವುದು ಬೋರ್ಡಿಗೇ ಬೆಸುಗೆ ಹಾಕಿದ ಇಎಂಎಂಸಿ ಎಂಬ ಸ್ಟೋರೇಜ್ ಚಿಪ್. ಅದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ಪಾಲು ಚುರುಕು, ಎಸ್‌ಎಸ್‌ಡಿಗಿಂತ ಹಿಂದೆ, ಬದಲಿಸಲು ಮಾತ್ರ ಬರುವುದಿಲ್ಲ. ಇಂಥಲ್ಲಿ ಸಿಸ್ಟಮ್ ಹಿಡಿಯುವ ಜಾಗ ನಿರ್ಣಾಯಕ. ಹಗುರ ಲಿನಕ್ಸ್ ಹತ್ತು ಜಿಬಿಯ ಆಸುಪಾಸಿನಲ್ಲಿ ಮುಗಿದು ಇಪ್ಪತ್ತು ಜಿಬಿಯಷ್ಟು ನಮಗೆ ಬಿಟ್ಟುಕೊಡುತ್ತದೆ.

ಎರಡನೆಯದು ರ‍್ಯಾಮ್. ಹಗುರ ಡೆಸ್ಕ್‌ಟಾಪ್‌ಗಳ ಬಗ್ಗೆ ಬರೆಯುವವರು ಖಾಲಿ ಕೂತಾಗ ಯಾವುದು ಎಷ್ಟು ಎಂಬಿ ತಿನ್ನುತ್ತದೆ ಎಂಬ ಪಟ್ಟಿ ಕೊಡುತ್ತಾರೆ. ಆ ಲೆಕ್ಕದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಐಸ್‌ಡಬ್ಲ್ಯುಎಂ ಎಂಬ ವಿಂಡೋ ಮ್ಯಾನೇಜರ್ ಇರುವ ಆಂಟಿಎಕ್ಸ್ ಎಂಬ ಲಿನಕ್ಸ್ ಒಂದೆರಡು ನೂರು ಎಂಬಿಯಲ್ಲಿ ಮುಗಿಸಬಹುದು, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಮಿಂಟ್ ಅದರ ಮೂರು ನಾಲ್ಕು ಪಟ್ಟು ಕೇಳಬಹುದು. ಆದರೆ ಬ್ರೌಸರ್ ತೆರೆದು ಮೇಲ್, ಯೂಟ್ಯೂಬ್, ಒಂದು ಸುದ್ದಿತಾಣ ಎಂದು ಮೂರು ಟ್ಯಾಬ್ ಬಿಚ್ಚಿದೊಡನೆ ಎರಡರಲ್ಲೂ ಒಂದು ಜಿಬಿಗೂ ಮಿಕ್ಕಿ ಖರ್ಚಾಗುತ್ತದೆ. ಬ್ರೌಸರ್ ಎಲ್ಲ ಕಡೆ ಅದೇ ಬ್ರೌಸರ್. ಹೀಗಾಗಿ 4 ಜಿಬಿ ಇರುವವರಿಗೆ ಡೆಸ್ಕ್‌ಟಾಪ್‌ಗಳ ನಡುವಿನ ಐನೂರು ಎಂಬಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ, ಅವರು ಅನುಕೂಲ ನೋಡಿ ಆರಿಸಬಹುದು. 2 ಜಿಬಿ ಇರುವವರಿಗೆ ಮಾತ್ರ ಅದೇ ಐನೂರು ಎಂಬಿ ಪ್ರಾಣ. ಅವರಿಗೆ ಇನ್ನೊಂದು ನೆರವೂ ಇದೆ, ಝೀ-ರ‍್ಯಾಮ್. ಸದ್ಯ ಬಳಕೆಯಲ್ಲಿಲ್ಲದ ಮಾಹಿತಿಯನ್ನು ಡಿಸ್ಕಿಗೆ ತಳ್ಳುವ ಬದಲು ರ‍್ಯಾಮ್‌ನೊಳಗೇ ಒತ್ತಿ ಚಿಕ್ಕದಾಗಿಸಿ ಇಡುವ ವಿಧಾನ ಇದು. ಅರ್ಧಕ್ಕೋ ಮೂರನೇ ಒಂದು ಪಾಲಿಗೋ ಕುಗ್ಗುವುದರಿಂದ 2 ಜಿಬಿ ಯಂತ್ರ ಸುಮಾರು 3 ಜಿಬಿಯದರ ಹಾಗೆ ನಡೆದುಕೊಳ್ಳುತ್ತದೆ. ಫೆಡೋರಾ ಎಂಬ ಲಿನಕ್ಸ್ ಇದನ್ನು 2020ರಿಂದ ತಾನಾಗಿಯೇ ಕೊಡುತ್ತಿದೆ, ಡೆಬಿಯನ್ ಮತ್ತು ಉಬುಂಟು ಬಳಗದಲ್ಲಿ ಒಂದು ಸಣ್ಣ ಪ್ಯಾಕೇಜ್ ಹಾಕಿಕೊಂಡರೆ ಸಾಕು. ಇಎಂಎಂಸಿಗೆ ಪದೇ ಪದೇ ಬರೆಯುವುದು ತಪ್ಪುವುದರಿಂದ ಅದರ ಆಯುಸ್ಸಿಗೂ ಒಳಿತು.

ಮೂರನೆಯದು ಪ್ರೊಸೆಸರ್, ಅದರಲ್ಲೂ ಅದು 64 ಬಿಟ್ಟಿನದೇ ಅಲ್ಲವೇ ಎಂಬುದು. 2008ರ ಹೊತ್ತಿನ ನೆಟ್‌ಬುಕ್‌ಗಳಲ್ಲಿ ಎಲ್ಲೆಲ್ಲೂ ಇದ್ದ ಆಟಮ್ ಎನ್270 ಬರೀ 32 ಬಿಟ್. 32 ಬಿಟ್‌ನ ದಾರಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಲಿನಕ್ಸ್‌ನ 32 ಬಿಟ್ ಕ್ರೋಮ್ 2016ರಲ್ಲೇ ನಿಂತಿತು, ಲಿನಕ್ಸ್ ಮಿಂಟ್ 2020ರ 20ನೇ ಆವೃತ್ತಿಯಲ್ಲಿ ಬಿಟ್ಟಿತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ತನ್ನ 32 ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿತು, ಫೈರ್‌ಫಾಕ್ಸ್ ಅದೇ ವರ್ಷ 145ನೇ ಆವೃತ್ತಿಯಿಂದ 32 ಬಿಟ್ ಲಿನಕ್ಸ್‌ಗೆ ವಿದಾಯ ಹೇಳಿತು. ಡೆಬಿಯನ್ 12ರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಇಂಥ ಯಂತ್ರಗಳಲ್ಲಿ ಇನ್ನೂ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಆದರೆ ಅದರಲ್ಲಿ ಬ್ಯಾಂಕಿನ ಜಾಲತಾಣ ತೆರೆಯಬೇಡಿ ಎಂದು ಸ್ಪಷ್ಟವಾಗಿ ಹೇಳಲೇಬೇಕು. ಟೈಪಿಂಗ್, ಹಾಡು, ಓದು, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವುದು, ಇಷ್ಟಕ್ಕೆ ಸಾಕು.

ಕಾಂಪ್‌ಬುಕ್, ಈಬುಕ್ ಇಟ್ಟುಕೊಂಡವರಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ಅವುಗಳ ಆಟಮ್ ಝಡ್3735ಎಫ್ 64 ಬಿಟ್ ಪ್ರೊಸೆಸರ್, ಆದರೆ ಅದನ್ನು ಎಬ್ಬಿಸುವ ಯುಇಎಫ್‌ಐ ಫರ್ಮ್‌ವೇರ್ 32 ಬಿಟ್. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಪುಟ ತೆರೆದಾಗ ಆಪರೇಟಿಂಗ್ ಸಿಸ್ಟಮ್ 32 ಬಿಟ್, ಪ್ರೊಸೆಸರ್ 64 ಬಿಟ್ ಎಂದು ಕಂಡರೆ ಮತ್ತು ಯಂತ್ರ ಈ ಆಟಮ್ ಕಾಲದ್ದಾಗಿದ್ದರೆ ಈ ಜೋಡಿಯೇ ಇರಬಹುದು ಎಂದು ಅನುಮಾನಿಸಬೇಕು. ಅನೇಕ ಲಿನಕ್ಸ್‌ಗಳ ಪೆನ್‌ಡ್ರೈವ್ ಇಂಥ ಯಂತ್ರದ ಬೂಟ್ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಎಂದು ಜನ ಅದನ್ನು ಬಿಸಾಡುತ್ತಾರೆ. ಡೆಬಿಯನ್ ಬಹಳ ಹಿಂದೆಯೇ ಈ ವಿಚಿತ್ರ ಜೋಡಿಗೆ ದಾರಿ ಮಾಡಿಕೊಟ್ಟಿದೆ, ಹಾಗಾಗಿ ಇಲ್ಲಿ ಮೊದಲ ಪ್ರಯತ್ನ ಅದರಿಂದಲೇ ಆಗಲಿ. ಇನ್ನು ಜಿಯೋಬುಕ್‌ನಂಥ ಮೀಡಿಯಾಟೆಕ್ ಚಿಪ್ ಇರುವವು ಬೇರೆ ಕುಲದವು, ಇಲ್ಲಿ ಹೇಳಿದ ಯಾವ ಸಿಸ್ಟಮ್ಮಿನ ಪಿಸಿ ಆವೃತ್ತಿಯೂ ಅವಕ್ಕೆ ಹೊಂದುವುದಿಲ್ಲ.

ಈಗ ಹೆಸರುಗಳಿಗೆ ಬರಬಹುದು. ಎಸ್‌ಎಸ್‌ಡಿ, 4 ಜಿಬಿ ರ‍್ಯಾಮ್, 64 ಬಿಟ್ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಮೊದಲು ನೋಡಬೇಕು. ಅದಕ್ಕಿಂತ ಹಗುರವಾದವು ಇವೆ. ಆದರೂ ಅಪ್‌ಡೇಟ್, ಪ್ರಿಂಟರ್, ಭಾಷೆ, ಬ್ಲೂಟೂತ್ ಎಲ್ಲವೂ ಮೌಸ್ ಹಿಡಿದೇ ಮುಗಿಯುವಂತೆ ಜೋಡಿಸಿರುವುದರಲ್ಲಿ ಅದು ಮುಂದು, ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಲುಬುಂಟು ಕೂಡ ಒಳ್ಳೆಯದೇ, ಅದರ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಇನ್ನಷ್ಟು ಹಗುರ. ಆದರೆ ಅದರ ದೀರ್ಘಾವಧಿ ಆವೃತ್ತಿಗೂ ಬೆಂಬಲ ಮೂರೇ ವರ್ಷ, 24.04 ಹಾಕಿಕೊಂಡವರಿಗೆ 2027ರ ಏಪ್ರಿಲ್‌ವರೆಗೆ. 2 ಜಿಬಿ ಇರುವ ಇಎಂಎಂಸಿ ಯಂತ್ರಕ್ಕೆ ಡೆಬಿಯನ್ 13ರ ಮೇಲೆ ಎಲ್‌ಎಕ್ಸ್‌ಕ್ಯೂಟಿ, ಜೊತೆಗೆ ಝೀ-ರ‍್ಯಾಮ್, ಇದೇ ನನ್ನ ಶಿಫಾರಸು. ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್‌ಗಳ ಪಟ್ಟಿಯಲ್ಲಿ ಮೊದಲೇ ಗುರುತಾಗಿರುವ ಗ್ನೋಮ್ ತೆಗೆದು ಎಲ್‌ಎಕ್ಸ್‌ಕ್ಯೂಟಿಗೆ ಗುರುತು ಹಾಕುವುದನ್ನು ಮರೆಯಬಾರದು. ಹಿಂದೆ ಡೆಬಿಯನ್ ಎಂದರೆ ವೈಫೈ ಸಿಗದು ಎಂಬ ದೂರಿತ್ತು. 2023ರ ಡೆಬಿಯನ್ 12ರಿಂದ ಅಧಿಕೃತ ಇನ್‌ಸ್ಟಾಲರಿನಲ್ಲೇ ಫರ್ಮ್‌ವೇರ್ ಸೇರಿರುವುದರಿಂದ ಆ ಗೋಳು ಬಹುಮಟ್ಟಿಗೆ ತೀರಿದೆ.

ಬರೀ ಬ್ರೌಸರ್‌ನಲ್ಲೇ ಬದುಕುವವರಿಗೆ ಕ್ರೋಮ್‌ಓಎಸ್ ಫ್ಲೆಕ್ಸ್ ಇದೆ. ಗೂಗಲ್ 2020ರ ಕೊನೆಗೆ ನೆವರ್‌ವೇರ್ ಎಂಬ ಕಂಪನಿಯನ್ನು ಕೊಂಡು ಅದರ ಕ್ಲೌಡ್‌ರೆಡಿ ಸಿಸ್ಟಮ್ಮಿನ ಜಾಡಿನಲ್ಲಿ 2022ರಲ್ಲಿ ಬಿಡುಗಡೆ ಮಾಡಿದ್ದಿದು. 4 ಜಿಬಿ ರ‍್ಯಾಮ್, 16 ಜಿಬಿ ಸ್ಟೋರೇಜ್ ಸಾಕು, ಬೂಟ್ ನಿಜಕ್ಕೂ ಚುರುಕು, ಅಪ್‌ಡೇಟ್ ತಾನಾಗಿ ಬರುತ್ತದೆ. ಆದರೆ ಕ್ರೋಮ್‌ಬುಕ್‌ನಲ್ಲಿ ಸಿಗುವ ಆಂಡ್ರಾಯ್ಡ್ ಆ್ಯಪ್‌ಗಳು ಇದರಲ್ಲಿಲ್ಲ, ಇನ್‌ಸ್ಟಾಲ್ ಮಾಡಿದರೆ ಇಡೀ ಡಿಸ್ಕ್ ಅಳಿಸುತ್ತದೆ, ನೆಟ್ ಇಲ್ಲದಾಗ ಯಂತ್ರ ಅರ್ಧ ಬಲಹೀನ. ಗೂಗಲ್‌ನ ಪಟ್ಟಿಯಲ್ಲಿ ತಮ್ಮ ಮಾದರಿ ಇದೆಯೇ, ಇದ್ದರೆ ಯಾವ ವರ್ಷದವರೆಗೆ ಬೆಂಬಲ ಎಂದು ನೋಡಿಯೇ ಮುಂದುವರಿಯಬೇಕು.

ಇದಕ್ಕೆಲ್ಲ ಎದುರಾಗುವ ಮೊದಲ ಆಕ್ಷೇಪ: ವಿಂಡೋಸನ್ನೇ ಹಗುರ ಮಾಡಿಕೊಂಡರಾಗದೇ? ಎಸ್‌ಎಸ್‌ಡಿ ಹಾಕಿ, ಬೇಡದ ಪ್ರೋಗ್ರಾಮುಗಳನ್ನು ಕಿತ್ತರೆ 4 ಜಿಬಿಯಲ್ಲಿ ವಿಂಡೋಸ್ 10 ಸಹನೀಯವಾಗಿ ಓಡುತ್ತದೆ ಎಂಬುದು ನಿಜ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೂಡ ಇದೆ. ಆದರೆ ಅದು ಅವಧಿಯ ವಿಸ್ತರಣೆ ಮಾತ್ರ. ವಿಂಡೋಸ್ 11ರ ತಪಾಸಣೆಯನ್ನು ತಪ್ಪಿಸಿ ಹಾಕಿಕೊಂಡರೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಯಾರೋ ಕತ್ತರಿಸಿ ಹಗುರ ಮಾಡಿದ ವಿಂಡೋಸ್ ಫೈಲ್‌ಗಳ ಒಳಗೆ ಏನಿದೆ ಎಂದು ಪರೀಕ್ಷಿಸುವುದು ಸಾಮಾನ್ಯ ಬಳಕೆದಾರರ ಕೈಲಾಗುವ ಮಾತಲ್ಲ. ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರದಲ್ಲಿ ಅಂಥದ್ದಕ್ಕೆ ಜಾಗ ಕೊಡಬಾರದು. ಹಾಗೆಂದು ವಿಂಡೋಸ್ ಬಿಡಲಾಗದವರೂ ಇದ್ದಾರೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿ ಟೆಂಡರ್ ಹಾಕುವವರು ಈ ಸಾಹಸಕ್ಕೆ ಇಳಿಯದೆ, ಆ ಕೆಲಸಕ್ಕೆ ತಕ್ಕ ಯಂತ್ರವನ್ನೇ ಇಟ್ಟುಕೊಳ್ಳುವುದು ಸರಿ.

ಎರಡನೆಯ ಆಕ್ಷೇಪ ತದ್ವಿರುದ್ಧ ದಿಕ್ಕಿನದು: ಹಗುರವೇ ಬೇಕೆಂದಮೇಲೆ ಅತಿ ಹಗುರವನ್ನೇ ಏಕೆ ಹಿಡಿಯಬಾರದು? ಬ್ಯಾರಿ ಕೌಲರ್ 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುಮಾಡಿದ ಪಪ್ಪಿ ಲಿನಕ್ಸ್ ಇಡಿಯಾಗಿ ರ‍್ಯಾಮ್‌ಗೆ ಏರಿ ಕೂರುತ್ತದೆ, ಡಿಸ್ಕ್ ಇಲ್ಲದೆಯೂ ಓಡುತ್ತದೆ. ಕೆಟ್ಟ ವಿಂಡೋಸ್‌ನಿಂದ ಫೋಟೋ, ದಾಖಲೆಗಳನ್ನು ಹೊರತೆಗೆಯಲು ಅದಕ್ಕಿಂತ ಒಳ್ಳೆಯ ಸಾಧನ ಅಪರೂಪ. ಆದರೆ ಅದರಲ್ಲಿ ವಾಡಿಕೆಯಂತೆ ಬಳಕೆದಾರರೇ ರೂಟ್ ಆಗಿರುತ್ತಾರೆ, ಅಂದರೆ ಬ್ರೌಸರ್‌ನಲ್ಲಿ ನುಸುಳಿದ ಕೆಡುಕಿಗೂ ಪೂರ್ತಿ ಅಧಿಕಾರ ಸಿಗುವ ಅಪಾಯವಿದೆ. ಅಪ್‌ಡೇಟ್ ವ್ಯವಸ್ಥೆಯೂ ಡೆಬಿಯನ್‌ನಷ್ಟು ಸರಾಗವಲ್ಲ. ಹೈಕು ಎಂಬ ಇನ್ನೊಂದು ಸಿಸ್ಟಮ್ ಬೂಟ್ ಆಗುವ ವೇಗ ನೋಡಿದರೆ ಆಸೆಯಾಗುತ್ತದೆ, ಆದರೆ ಅದು ಇನ್ನೂ ಬೀಟಾ ಹಂತದಲ್ಲಿದೆ. ನಿತ್ಯದ ಕೆಲಸಕ್ಕೆ ಹತ್ತು ಸೆಕೆಂಡ್ ಉಳಿತಾಯಕ್ಕಿಂತ ವಾರವಾರ ಬರುವ ಭದ್ರತಾ ಅಪ್‌ಡೇಟ್ ದೊಡ್ಡದು.

ಮೂರನೆಯ ಮಾತು ಇವೆರಡಕ್ಕಿಂತ ಗಟ್ಟಿಯಾದದ್ದು. ಲ್ಯಾಪ್‌ಟಾಪನ್ನು ಆಫ್ ಮಾಡುವುದೇ ಏಕೆ, ಮುಚ್ಚಿಟ್ಟು ಸ್ಲೀಪ್‌ನಲ್ಲಿ ಬಿಟ್ಟರೆ ಎರಡೇ ಸೆಕೆಂಡಿಗೆ ಎದ್ದೇಳುತ್ತದಲ್ಲ, ಬೂಟ್ ಸಮಯದ ಚಿಂತೆ ಯಾಕೆ? ಬ್ಯಾಟರಿ ಚೆನ್ನಾಗಿರುವ ಯಂತ್ರಕ್ಕೆ ಈ ಮಾತು ಪೂರ್ತಿ ಸರಿ, ಅಂಥವರು ಬೂಟ್ ವೇಗಕ್ಕಿಂತ ಸ್ಲೀಪ್ ಸರಿಯಾಗಿ ಕೆಲಸ ಮಾಡುವ ಸಿಸ್ಟಮ್ ಹುಡುಕಬೇಕು. ಆದರೆ ಹಳೆಯ ಪುಟ್ಟ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಸಾಮಾನ್ಯವಾಗಿ ಸೋತಿರುತ್ತದೆ, ರಾತ್ರಿ ಸ್ಲೀಪ್‌ನಲ್ಲಿಟ್ಟದ್ದು ಬೆಳಗ್ಗೆ ಬರಿದಾಗಿರುತ್ತದೆ. ಕರೆಂಟ್ ಹೋಗಿಬಂದು ಮಾಡುವ ಊರುಗಳಲ್ಲಿ ಅವು ಚಾರ್ಜರ್‌ಗೆ ಕಟ್ಟಿಹಾಕಿದ ಡೆಸ್ಕ್‌ಟಾಪ್‌ಗಳೇ, ದಿನಕ್ಕೆ ಹಲವು ಸಲ ಮೊದಲಿನಿಂದ ಬೂಟ್ ಆಗಬೇಕಾದವು.

ಸಿಸ್ಟಮ್ ಹಾಕಿದ ಮೇಲೂ ವೇಗ ಸಾಲದಿದ್ದರೆ ಮತ್ತೊಂದು ಹೆಸರಿನ ಬೆನ್ನು ಹತ್ತುವ ಮೊದಲು, ಇರುವುದರೊಳಗೇ ಇಣುಕಿ ನೋಡಬೇಕು. ಮಿಂಟ್, ಡೆಬಿಯನ್, ಲುಬುಂಟುಗಳಲ್ಲಿ ಟರ್ಮಿನಲ್ ತೆರೆದು ಸಿಸ್ಟಮ್‌ಡಿ-ಅನಲೈಜ್ ಎಂಬ ಆದೇಶ ಕೊಟ್ಟರೆ ಬೂಟ್ ಸಮಯದ ಲೆಕ್ಕಪತ್ರ ಬರುತ್ತದೆ. ಉದಾಹರಣೆಗೆ ಫರ್ಮ್‌ವೇರ್ 7 ಸೆಕೆಂಡ್, ಲೋಡರ್ 6, ಕರ್ನಲ್ 4, ಯೂಸರ್‌ಸ್ಪೇಸ್ 23, ಒಟ್ಟು 40 ಎಂದು ಬಂತೆನ್ನಿ. ಫರ್ಮ್‌ವೇರ್‌ನ 7 ಸೆಕೆಂಡ್ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿದರೂ ಹೋಗದು, ಬಯಾಸ್ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಬೂಟ್ ಮುಂತಾದ್ದನ್ನು ಆಫ್ ಮಾಡಿದರೆ ಸ್ವಲ್ಪ ತಗ್ಗೀತು. ಲೋಡರ್‌ನ 6ರಲ್ಲಿ ಐದು ಸೆಕೆಂಡ್ ಬರೀ ಕಾಯುವಿಕೆ: ಡೆಬಿಯನ್‌ನಲ್ಲಿ ಗ್ರಬ್ ಎಂಬ ಲೋಡರ್ ತನ್ನ ಮೆನು ತೋರಿಸಿ ಐದು ಸೆಕೆಂಡ್ ಸುಮ್ಮನೆ ನಿಲ್ಲುತ್ತದೆ, ಅದರ ಸೆಟ್ಟಿಂಗ್ ಕಡತದಲ್ಲಿ ಟೈಮ್‌ಔಟ್ ಎಂಬಲ್ಲಿರುವ 5ನ್ನು 1 ಮಾಡಿ ಅಪ್‌ಡೇಟ್-ಗ್ರಬ್ ಓಡಿಸಿದರೆ ನಾಲ್ಕು ಸೆಕೆಂಡ್ ಕೈಗೆ ಬಂತು. ಉಳಿದ 23ರ ಗುಟ್ಟು ಅದೇ ಆದೇಶಕ್ಕೆ ಬ್ಲೇಮ್ ಎಂಬ ಪದ ಸೇರಿಸಿದರೆ ಬಯಲಾಗುತ್ತದೆ, ಯಾವ ಸೇವೆ ಎಷ್ಟು ಹೊತ್ತು ತಿಂದಿತು ಎಂಬ ಪಟ್ಟಿ ಮೇಲಿಂದ ಕೆಳಕ್ಕೆ ಸಿಗುತ್ತದೆ. ಮೇಲ್ಗಡೆ ನೆಟ್‌ವರ್ಕ್ ಮ್ಯಾನೇಜರ್ ವೇಟ್-ಆನ್‌ಲೈನ್ ಕಂಡರೆ ಅದು ವೈಫೈ ಸಿಗುವವರೆಗೆ ಬೇರೆಯವರನ್ನೂ ಕಾಯಿಸುವ ಸೇವೆ, ಮನೆಬಳಕೆಯ ಲ್ಯಾಪ್‌ಟಾಪ್‌ನಲ್ಲಿ ನಿಲ್ಲಿಸಿದರೆ ತೊಂದರೆಯಿಲ್ಲ. ಪ್ರಿಂಟರ್ ಇಲ್ಲದವರಿಗೆ ಪ್ರಿಂಟರ್ ಸೇವೆ ಏಕೆ, ಮೋಡೆಮ್ ಇಲ್ಲದವರಿಗೆ ಮೋಡೆಮ್ ಸೇವೆ ಏಕೆ? ಒಂದೊಂದನ್ನೇ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಅಳೆಯಬೇಕು. ಆಂಟಿಎಕ್ಸ್‌ನಲ್ಲಿ ಸಿಸ್ಟಮ್‌ಡಿ ಇಲ್ಲದ ಕಾರಣ ಅಲ್ಲಿ ಸ್ಟಾಪ್‌ವಾಚೇ ಗತಿ.

ಕನ್ನಡದಲ್ಲಿ ಬರೆಯುವವರು ಈ ತೂಕದಲ್ಲಿ ಇನ್ನೊಂದು ಬಟ್ಟನ್ನು ಇಡಬೇಕು. ಹಗುರ ಸಿಸ್ಟಮ್‌ಗಳು ಜಾಗ ಉಳಿಸಲು ಮೊದಲು ಬಿಡುವುದು ಫಾಂಟ್ ಮತ್ತು ಕೀಲಿಮಣೆಗಳನ್ನೇ, ಆಗ ಕನ್ನಡದ ಪುಟ ಬರೀ ಚೌಕಗಳಾಗಿ ಕಾಣುತ್ತದೆ. ಡೆಬಿಯನ್ ಬಳಗದಲ್ಲಿ ಲೋಹಿತ್, ನೋಟೋ ಅಲ್ಲದೆ ಗುಬ್ಬಿ, ನವಿಲು ಎಂಬ ಫಾಂಟುಗಳೂ ಪ್ಯಾಕೇಜ್ ರೂಪದಲ್ಲಿ ಸಿಗುತ್ತವೆ. ಟೈಪಿಂಗ್‌ಗೆ ಐಬಸ್ ಮತ್ತು ಅದರ ಎಂ17ಎನ್ ಸೇರಿಸಿಕೊಂಡರೆ ನುಡಿ ತಂತ್ರಾಂಶ ಬಳಸಿ ಕೈ ಪಳಗಿದವರಿಗೆ ಕೆಜಿಪಿ ವಿನ್ಯಾಸ, ಉಳಿದವರಿಗೆ ಇನ್‌ಸ್ಕ್ರಿಪ್ಟ್ ಇದೆ. ಇದರ ಭಾರ ಕೆಲವು ಹತ್ತು ಎಂಬಿ ಅಷ್ಟೆ. ನಿಜವಾದ ತೊಡಕು ಇರುವುದು ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹಗಳಲ್ಲಿ ಟೈಪ್ ಮಾಡಿಟ್ಟ ಹಳೆಯ ಕಡತಗಳಲ್ಲಿ. ಅವನ್ನು ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿ, ಅಕ್ಷರಗಳು ಸರಿಯಾಗಿವೆಯೇ ಎಂದು ಓದಿ ನೋಡಿ ಎತ್ತಿಡಬೇಕು.

ಯಾವುದನ್ನೇ ಆರಿಸಲಿ, ಮೊದಲು ಪೆನ್‌ಡ್ರೈವ್‌ನಿಂದ ಲೈವ್ ಆಗಿ ಓಡಿಸಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಪೆನ್‌ಡ್ರೈವ್ ನಿಧಾನವಾದ್ದರಿಂದ ಅಲ್ಲಿ ವೇಗವನ್ನು ತೀರ್ಮಾನಿಸಬಾರದು, ಬೇರೆಯದನ್ನು ನೋಡಬೇಕು. ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ ಕೇಳುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಯೂಟ್ಯೂಬ್ ವಿಡಿಯೋ 480ರಲ್ಲಾದರೂ ತಡವರಿಸದೆ ಓಡುತ್ತದೆಯೇ. ಹಳೆಯ ಆಟಮ್‌ಗಳಿಗೆ ಈಗಿನ ವಿಡಿಯೋ ವಿಧಾನಗಳನ್ನು ಬಿಚ್ಚುವ ಯಂತ್ರಾಂಗವೇ ಇಲ್ಲ, ವಿಡಿಯೋ ತೊದಲಿದರೆ ಸಿಸ್ಟಮ್ ಬದಲಿಸಿ ಫಲವಿಲ್ಲ, ಎಚ್264 ರೂಪದಲ್ಲಿ ತರಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಬೇಕು. ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣದಿದ್ದರೆ ಆ 32 ಬಿಟ್ ಫರ್ಮ್‌ವೇರ್ ನೆನಪಿರಲಿ. ಮುಖ್ಯ ಕಡತಗಳ ಪ್ರತಿ ಹೊರಗಿನ ಡಿಸ್ಕ್‌ನಲ್ಲಿ ಇದೆ ಎಂದು ಖಾತ್ರಿಯಾದ ಮೇಲಷ್ಟೇ ಇನ್‌ಸ್ಟಾಲ್ ಒತ್ತಬಹುದು. ಲ್ಯಾಪ್‌ಟಾಪ್ ಆಗ ಚಾರ್ಜರ್‌ಗೆ ಸಿಕ್ಕಿಸಿರಲೇಬೇಕು, ಏಕೆಂದರೆ ಇಎಂಎಂಸಿಯ ಮೇಲೆ ಈ ಕೆಲಸ ಅರ್ಧ ಗಂಟೆಯನ್ನೂ ದಾಟಬಹುದು.